ಈ ನೀರು ಯಾವ ಊರಿನದು? ವಿಮಾನದೊಳಗಿನ ಗಾಳಿ, ನೀರು, ಅನ್ನದ ಶುಚಿತ್ವದ ಒಂದು ಚರಿತ್ರೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಪ್ರಶ್ನೋತ್ತರವಿದೆ.)

ನನ್ನ ಧ್ವನಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ.

ನಾನು ಅನ್ನೂರಿನವಳು. ಕೊಯಮತ್ತೂರಿನಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು. ಅದೇ ದಾರಿ ಹಿಡಿದು ದಿಂಬಂ ಘಾಟಿ ಹತ್ತಿದರೆ ಚಾಮರಾಜನಗರ. ನಮ್ಮ ಸೀಮೆಯಲ್ಲಿ ಒಕ್ಕಲಿಗರ ಮನೆಗಳಲ್ಲಿ, ದೇವಾಂಗದವರ ಮನೆಗಳಲ್ಲಿ ಇವತ್ತಿಗೂ ಕನ್ನಡವೇ ಮನೆಮಾತು. ಓದಿದ್ದು ತಮಿಳು, ಆಡಿದ್ದು ಕನ್ನಡ. ಹಾಗಾಗಿ ನನ್ನ ಮಾತಿನಲ್ಲಿ ಎರಡೂ ಕಡೆಯ ಎಳೆ ಸಿಕ್ಕರೆ ಸಹಿಸಿಕೊಳ್ಳಬೇಕು.

ಈ ವಿಷಯ ನನಗೆ ಸಿಕ್ಕಿದ್ದು ಪುಸ್ತಕದಿಂದಲ್ಲ, ನಮ್ಮ ದೊಡ್ಡಮ್ಮನಿಂದ. ಮಗಳ ಬಾಣಂತನಕ್ಕೆ ಅಂತ ಅವರು ಕೊಯಮತ್ತೂರಿನಿಂದ ಶಾರ್ಜಾಕ್ಕೆ ಹೊರಟರು. ಅದೇ ಮೊದಲ ವಿಮಾನ ಪ್ರಯಾಣ. ಮನೆಯಿಂದ ಕಾಯಿಸಿ ಆರಿಸಿದ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡಿದ್ದರು. ತಪಾಸಣೆಯಲ್ಲಿ ಅದನ್ನು ಚೆಲ್ಲಿಸಿದರು. ಮೇಲೆ ಹೋದ ಮೇಲೆ ಗಗನಸಖಿ ಲೋಟದಲ್ಲಿ ನೀರು ತಂದುಕೊಟ್ಟಾಗ ದೊಡ್ಡಮ್ಮ ಕೇಳಿದ ಮೊದಲ ಮಾತು: "ಏನಮ್ಮಾ, ಇದು ಯಾವೂರ ನೀರು?"

ಮನೆಯಲ್ಲಿ ಇದನ್ನು ಹೇಳಿಕೊಂಡು ನಾವೆಲ್ಲ ನಕ್ಕೆವು. ಆದರೆ ನಮ್ಮ ಸೀಮೆಯಲ್ಲಿ ಇದು ನಗುವ ಪ್ರಶ್ನೆ ಅಲ್ಲ. ಕೊಯಮತ್ತೂರಿನವರಿಗೆ ಸಿರುವಾಣಿ ನೀರು ಅಂದರೆ ಹೆಮ್ಮೆ. ಅನ್ನೂರು, ಅವಿನಾಶಿ ಕಡೆಯವರು ಅತ್ತಿಕಡವು ಯೋಜನೆಯ ನೀರಿಗಾಗಿ ದಶಕಗಟ್ಟಲೆ ಕಾದವರು. ಹೊಳೆ ನೀರೋ, ಬೋರ್ ನೀರೋ, ಲಾರಿ ನೀರೋ ಅಂತ ಕೇಳದೆ ನಾವು ಲೋಟ ಬಾಯಿಗಿಡುವವರಲ್ಲ. ಆಮೇಲೆ ಯೋಚಿಸಿದಾಗ ಅನ್ನಿಸಿತು: ವಿಮಾನದ ಶುಚಿತ್ವದ ಇಡೀ ಚರಿತ್ರೆಗೆ ಕೇಳಬೇಕಾದ ಪ್ರಶ್ನೆಯೇ ಇದು. ಯಾಕಂದ್ರೆ ವಿಮಾನಕ್ಕೆ ಅಂತ ಸ್ವಂತ ನೀರಿಲ್ಲ, ಸ್ವಂತ ಅಡುಗೆಮನೆಯೂ ಇಲ್ಲ. ಯಾವ ಊರಿನಲ್ಲಿ ಇಳಿಯಿತೋ ಆ ಊರಿನ ನೀರನ್ನೂ ಅನ್ನವನ್ನೂ ಹೊತ್ತುಕೊಂಡು ಮೇಲೇರುತ್ತದೆ.

ಇವತ್ತು ನಾನು ಹೇಳಬೇಕು ಅಂತಿರುವುದು ಒಂದೇ ಮಾತು. ವಿಮಾನದ ಆರೋಗ್ಯ ನಿಯಮಗಳು ಹುಟ್ಟಿದ್ದು ಪ್ರಯಾಣಿಕನನ್ನು ಕಾಯಲು ಅಲ್ಲ, ಪ್ರಯಾಣಿಕನಿಂದ ದೇಶವನ್ನು ಕಾಯಲು. ಅವನ ತಟ್ಟೆ, ಲೋಟ, ಉಸಿರು ಇವೆಲ್ಲ ಒಂದೊಂದಾಗಿ, ಬಹಳ ತಡವಾಗಿ, ಒಂದೊಂದು ಅನಾಹುತ ಆದ ಮೇಲೆ ಲೆಕ್ಕಕ್ಕೆ ಬಂದವು. ನೀರು ತುಂಬುವವನು, ಅನ್ನ ಬೇಯಿಸುವವನು ಇನ್ನೂ ಸರಿಯಾಗಿ ಲೆಕ್ಕಕ್ಕೆ ಬಂದಿಲ್ಲ.

1. ರೈಲಿನ ಪ್ಲೇಗು, ವಿಮಾನದ ಸೊಳ್ಳೆ

ವಾಹನದ ಜೊತೆ ರೋಗ ಬರುತ್ತದೆ ಅನ್ನುವುದು ನಮ್ಮವರಿಗೆ ವಿಮಾನಕ್ಕಿಂತ ಮೊದಲೇ ಗೊತ್ತಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದು ರೈಲು ದಾರಿಯಲ್ಲಿ. ಅದರ ನೆನಪು ಬಸವನಗುಡಿ, ಮಲ್ಲೇಶ್ವರದ ಅಗಲವಾದ ಬೀದಿಗಳಲ್ಲಿದೆ. ಕೊಯಮತ್ತೂರಿನಲ್ಲಿ ಅದೇ ನೆನಪು ದೇವರಾಗಿದೆ: ಪ್ಲೇಗ್ ಮಾರಿಯಮ್ಮನ ಗುಡಿಗಳು ಇವತ್ತಿಗೂ ಇವೆ. ಒಂದೂರಿನಲ್ಲಿ ಬಡಾವಣೆ, ಇನ್ನೊಂದೂರಿನಲ್ಲಿ ಅಮ್ಮ.

ವಿಮಾನದ ವಿಷಯಕ್ಕೆ ಬರೋಣ. 1929ರಲ್ಲಿ ಇಂಪೀರಿಯಲ್ ಏರ್‌ವೇಸ್ ಲಂಡನ್‌ನಿಂದ ಕರಾಚಿಗೆ ಸೇವೆ ಶುರು ಮಾಡಿತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಟಪಾಲು ಹೊತ್ತು ಹಾರಿದರು. ಅಲ್ಲಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಒಯ್ದರು. ಗಮನಿಸಿ, ನಮ್ಮ ಬಳ್ಳಾರಿ ಆ ವಿಮಾನ ಟಪಾಲು ದಾರಿಯ ನಿಲ್ದಾಣ. ಅದೇ 1932ರಲ್ಲಿ ಕೈರೋದಿಂದ ದಕ್ಷಿಣಕ್ಕೆ, ಕೇಪ್‌ಟೌನ್‌ವರೆಗೂ ವಿಮಾನದಾರಿ ತೆರೆಯಿತು.

ಈ ಎರಡು ದಾರಿ ಕೂಡಿದ್ದೇ ಭಯಕ್ಕೆ ಕಾರಣ. ಆಫ್ರಿಕಾದಲ್ಲಿ ಹಳದಿ ಜ್ವರ ಇತ್ತು. ಭಾರತದಲ್ಲಿ ಅದು ಇರಲಿಲ್ಲ, ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ಊರೂರಿನಲ್ಲೂ ಇತ್ತು. ಸೋಂಕು ತಗುಲಿದ ಮೇಲೆ ಜ್ವರ ಕಾಣಿಸಿಕೊಳ್ಳಲು 3ರಿಂದ 6 ದಿನ ಬೇಕು. ಹಡಗಿನ ಕಾಲದಲ್ಲಿ ರೋಗಿ ಸಮುದ್ರದಲ್ಲೇ ಮಲಗುತ್ತಿದ್ದ, ಬಂದರಿಗೆ ಬರುವಷ್ಟರಲ್ಲಿ ಗೊತ್ತಾಗಿಬಿಡುತ್ತಿತ್ತು. ವಿಮಾನದಲ್ಲಿ ಹಾಗಲ್ಲ. ಜ್ವರ ಬರುವ ಮೊದಲೇ ಮನುಷ್ಯ ಇಳಿದು ಸಂತೆಯಲ್ಲಿ ಬೆರೆತಿರುತ್ತಾನೆ. ಇನ್ನೊಂದು ಅಪಾಯ, ಸೊಳ್ಳೆ ಟಿಕೆಟ್ ಇಲ್ಲದೆಯೇ ಪ್ರಯಾಣ ಮಾಡುತ್ತದೆ.

ಈ ಭಯದಿಂದಲೇ 1933ರ ಏಪ್ರಿಲ್‌ನಲ್ಲಿ ಹೇಗ್ ನಗರದಲ್ಲಿ ವಾಯುಯಾನಕ್ಕೆ ಅಂತಲೇ ಮೊದಲ ಅಂತರರಾಷ್ಟ್ರೀಯ ನೈರ್ಮಲ್ಯ ಒಪ್ಪಂದ ಆಯಿತು. ಅದರಲ್ಲಿ ಹಳದಿ ಜ್ವರಕ್ಕೆ ಒಂದು ಪ್ರತ್ಯೇಕ ಭಾಗವೇ ಇದೆ. ಜನವಸತಿಯಿಂದ ದೂರದ ನಿಲ್ದಾಣ, ಸೊಳ್ಳೆ ಸೇರದ ನೀರಿನ ವ್ಯವಸ್ಥೆ, ಸಿಬ್ಬಂದಿಗೆ ಜಾಲರಿ ಹಾಕಿದ ಮನೆ, ಹೀಗೆ. ಸೇವಂತಿಗೆ ಜಾತಿಯ ಹೂವಿನಿಂದ ತೆಗೆದ ಪೈರಿತ್ರಮ್ ದ್ರಾವಣವನ್ನು ವಿಮಾನದೊಳಗೆ ಸಿಂಪಡಿಸುವ ಪದ್ಧತಿ ಬೆಳೆದದ್ದೂ ಈ ದಶಕದಲ್ಲೇ. ಅಂದ್ರೆ, ನೀರಿನ ವಿಚಾರ ಬಂದಾಗಲೂ ಅದು ಕುಡಿಯುವವನ ಹೊಟ್ಟೆಗಾಗಿ ಬಂದದ್ದಲ್ಲ, ಸೊಳ್ಳೆಯ ಮೊಟ್ಟೆಗಾಗಿ.

ಸ್ವಾತಂತ್ರ್ಯದ ನಂತರವೂ ಭಾರತ ಇದನ್ನು ಸಡಿಲ ಮಾಡಲಿಲ್ಲ. 1954ರ ಭಾರತೀಯ ವಿಮಾನ (ಸಾರ್ವಜನಿಕ ಆರೋಗ್ಯ) ನಿಯಮಗಳ ತಿರುಳು ಇದೇ. ಲಸಿಕೆಯ ಪತ್ರವಿಲ್ಲದೆ ಹಳದಿ ಜ್ವರದ ದೇಶದಿಂದ ಬಂದವರಿಗೆ ಇವತ್ತಿಗೂ 6 ದಿನದವರೆಗೆ ಪ್ರತ್ಯೇಕ ವಾಸ.

2. ಕ್ಯಾಸನೂರಿನ ಮಂಗಗಳು

ಈ ಭಯ ಬರೀ ಕಾಗದದ ಮೇಲಿನದಲ್ಲ ಅನ್ನುವುದಕ್ಕೆ ಕರ್ನಾಟಕದಲ್ಲೇ ಒಂದು ಪ್ರಸಂಗ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅಕ್ಕಪಕ್ಕದ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ, ರಕ್ತಸ್ರಾವ. ಮಂಗಗಳು ಹೀಗೆ ಸಾಯುವುದು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರದ ಮುನ್ಸೂಚನೆ. ಹಾಗಾಗಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರ ಮನಸ್ಸಿಗೆ ಮೊದಲು ಬಂದ ಗುಮಾನಿ ಅದೇ: ಇಪ್ಪತ್ತೈದು ವರ್ಷದಿಂದ ಹೆದರುತ್ತಿದ್ದದ್ದು ಕೊನೆಗೂ ಬಂದೇಬಿಟ್ಟಿತೇ?

ಬಂದಿರಲಿಲ್ಲ. ಅದು ಕಾಡಿನ ಉಣ್ಣೆಯಿಂದ ಹರಡುವ, ಅದುವರೆಗೆ ಯಾರೂ ಗುರುತಿಸದಿದ್ದ ಬೇರೆಯೇ ವೈರಸ್. ನಾವು ಅದನ್ನು ಮಂಗನ ಕಾಯಿಲೆ ಅಂತೀವಿ, ಜಗತ್ತು ಕ್ಯಾಸನೂರಿನ ಹೆಸರಿನಿಂದಲೇ ಕರೆಯುತ್ತದೆ. ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಇಷ್ಟು. ಕಣ್ಣೆಲ್ಲ ಆಕಾಶದ ಕಡೆ ಇತ್ತು, ರೋಗ ಇದ್ದದ್ದು ನೆಲದಲ್ಲಿ, ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವವರ ಕಾಲಡಿಯಲ್ಲಿ. ಹೊರಗಿನಿಂದ ಬರುವ ರೋಗಕ್ಕೆ ಕಾವಲು ಹಾಕುವುದು ಸುಲಭ. ನೆಲದಲ್ಲೇ ಇರುವುದನ್ನು ನೋಡುವುದು ಕಷ್ಟ.

ಅದೇ 1957ರಲ್ಲಿ ಬೆಂಗಳೂರಿನಲ್ಲಿ ವಾಯುಪಡೆಯ ವೈಮಾನಿಕ ವೈದ್ಯ ಶಾಲೆ ಶುರುವಾಯಿತು. ಎತ್ತರಕ್ಕೆ ಹೋದ ದೇಹಕ್ಕೆ ಏನಾಗುತ್ತದೆ ಅನ್ನುವುದು ಅಲ್ಲಿನ ವಿಷಯ. ಆ ದೇಹ ಮೇಲೆ ಏನು ತಿನ್ನುತ್ತದೆ ಅನ್ನುವ ಪ್ರಶ್ನೆಯನ್ನು ಪ್ರಯಾಣಿಕ ವಿಮಾನಗಳು ಎದುರಿಸಿದ್ದು ಎಪ್ಪತ್ತರ ದಶಕದಲ್ಲಿ.

3. ಅನ್ನ: ಒಂದು ಬೆರಳಿನ ಗಾಯ

1960ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಾಯುಯಾನದ ನೈರ್ಮಲ್ಯಕ್ಕೆ ಒಂದು ಕೈಪಿಡಿ ತಂದಿತ್ತು. ಆದರೆ ಕೈಪಿಡಿ ಇದ್ದ ಮಾತ್ರಕ್ಕೆ ಅಡುಗೆಮನೆ ಬದಲಾಗುವುದಿಲ್ಲವಲ್ಲ. ದೊಡ್ಡ ವಿಮಾನಗಳು ಬಂದವು. ಒಂದೇ ಅಡುಗೆಮನೆಯಲ್ಲಿ ನೂರಾರು ತಟ್ಟೆ, ಅದನ್ನು ಗಂಟೆಗಟ್ಟಲೆ ಇಟ್ಟು, ಮೇಲೆ ಬಿಸಿ ಮಾಡಿ ಕೊಡುವ ಪದ್ಧತಿ.

1972ರ ನವೆಂಬರ್‌ನಲ್ಲಿ ಲಂಡನ್‌ನಿಂದ ಸಿಡ್ನಿಗೆ ಹೋದ ಒಂದು ವಿಮಾನದಲ್ಲಿ 40ಕ್ಕೂ ಹೆಚ್ಚು ಜನಕ್ಕೆ ಕಾಲರಾ ಸೋಂಕಾಯಿತು, ಒಬ್ಬರು ತೀರಿಕೊಂಡರು. ಜಾಡು ಹಿಡಿದಾಗ ಅದು ನಡುದಾರಿಯಲ್ಲಿ ಬಹರೇನ್‌ನಲ್ಲಿ ಹತ್ತಿಸಿಕೊಂಡ ತಣ್ಣನೆಯ ತಿನಿಸಿಗೆ ಹೋಗಿ ನಿಂತಿತು. ನೋಡಿ, ದೊಡ್ಡಮ್ಮನ ಪ್ರಶ್ನೆ ಇಲ್ಲಿಗೆ ನೇರವಾಗಿ ಬಂತು: ಹತ್ತಿದ್ದು ಲಂಡನ್ನಿನಲ್ಲಿ, ಇಳಿದದ್ದು ಸಿಡ್ನಿಯಲ್ಲಿ, ತಿಂದದ್ದು ಬಹರೇನ್‌ನದು.

ಇನ್ನೊಂದು ಪ್ರಸಂಗ 1975ರ ಫೆಬ್ರವರಿಯದು. ಟೋಕಿಯೋದಿಂದ ಪ್ಯಾರಿಸ್‌ಗೆ ಹೊರಟ ಜಪಾನ್ ಏರ್‌ಲೈನ್ಸ್‌ನ ಜಂಬೋ ವಿಮಾನದಲ್ಲಿ 344 ಪ್ರಯಾಣಿಕರು. ಅಲಾಸ್ಕಾದ ಆಂಕರೇಜ್‌ನಲ್ಲಿ ಬೆಳಗಿನ ತಿಂಡಿ ಹತ್ತಿಸಿದರು: ಹಂದಿಮಾಂಸದ ಚೂರು ಇಟ್ಟ ಆಮ್ಲೆಟ್. ಕೋಪನ್‌ಹೇಗನ್‌ನಲ್ಲಿ ಇಳಿಯುವ ಹೊತ್ತಿಗೆ ವಾಂತಿ, ಭೇದಿ ಶುರು. ಕಾಯಿಲೆ ಬಿದ್ದವರು ಒಟ್ಟು 197, ಆಸ್ಪತ್ರೆ ಸೇರಿದವರು 143. ಕಾರಣ, ಅಡುಗೆಯವರೊಬ್ಬರ ಬೆರಳಿನ ಕೀವುಗಟ್ಟಿದ ಗಾಯ. ಆ ಗಾಯದ ಸ್ಟೆಫಿಲೋಕಾಕಸ್ ಮಾಂಸಕ್ಕೆ ಸೇರಿತು. ಸಾಕಷ್ಟು ತಂಪಿಲ್ಲದ ಜಾಗದಲ್ಲಿ ಗಂಟೆಗಟ್ಟಲೆ ಕೂತು ವಿಷ ಹುಟ್ಟಿಸಿತು. ಆ ವಿಷದ ಗುಣ ಏನಂದ್ರೆ, ಮತ್ತೆ ಬಿಸಿ ಮಾಡಿದರೆ ಕ್ರಿಮಿ ಸಾಯಬಹುದು, ವಿಷ ಹೋಗುವುದಿಲ್ಲ. "ಬಿಸಿಬಿಸಿ ಇದೆ, ತೊಂದರೆ ಇಲ್ಲ" ಅನ್ನುವ ನಮ್ಮ ಮನೆಯ ನಂಬಿಕೆ ಇಲ್ಲಿ ಕೈಕೊಡುತ್ತದೆ. ಪುಣ್ಯಕ್ಕೆ ಪೈಲಟ್‌ಗಳು ಅದನ್ನು ತಿಂದಿರಲಿಲ್ಲ. ಇಬ್ಬರು ಪೈಲಟ್‌ಗಳಿಗೆ ಬೇರೆ ಬೇರೆ ಊಟ ಕೊಡುವ ರೂಢಿ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಪಾಠ ಬೇಕಿಲ್ಲ.

ಇದಕ್ಕೆ ಉತ್ತರವಾಗಿ ಬಂದ ಪದ್ಧತಿ ತಟ್ಟೆ ತಯಾರಾದ ಮೇಲೆ ಪರೀಕ್ಷೆ ಮಾಡುವುದಲ್ಲ, ಅಪಾಯ ಎಲ್ಲೆಲ್ಲಿ ಹುಟ್ಟಬಹುದೋ ಆ ಹಂತಗಳಲ್ಲೇ ಕಾವಲು ಹಾಕುವುದು. ಇದು 1960ರ ದಶಕದಲ್ಲಿ ಅಮೆರಿಕದ ಬಾಹ್ಯಾಕಾಶ ಯಾನಿಗಳ ಊಟಕ್ಕಾಗಿ ಹುಟ್ಟಿದ ಪದ್ಧತಿ. ಬೇಯಿಸುವಾಗ ಒಳಗಿನವರೆಗೆ ಬಿಸಿ ತಲುಪಿತೇ, ಬೇಗ ತಣಿಯಿತೇ, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಉಳಿಯಿತೇ, ವಿಮಾನದವರೆಗಿನ ಗಾಡಿಯಲ್ಲಿ ತಂಪು ಇತ್ತೇ ಅಂತ ಒಂದೊಂದನ್ನೂ ಬರೆದಿಡಬೇಕು. ನಮ್ಮಲ್ಲೂ 2006ರ ಆಹಾರ ಸುರಕ್ಷತಾ ಕಾಯ್ದೆಯ ಕೆಳಗೆ ವಿಮಾನದ ಅಡುಗೆಮನೆಗಳು ಬರುತ್ತವೆ.

4. ನೀರು: ಊಟಿಯಲ್ಲಿ ಕುದಿಯುವ ಚಹಾ

ನೀರಿನ ಸರದಿ ಇನ್ನೂ ತಡ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಎ320ಯಂಥ ವಿಮಾನದ ನೀರಿನ ತೊಟ್ಟಿ ಸುಮಾರು 200 ಲೀಟರ್‌ನದು, ನಮ್ಮ ಮನೆಯ ಒಂದು ದೊಡ್ಡ ಡ್ರಮ್ಮಿನಷ್ಟು. ಆ ನೀರು ಊರಿನ ಮೂಲದಿಂದ ನಿಲ್ದಾಣದ ತೊಟ್ಟಿಗೆ, ಅಲ್ಲಿಂದ ನೀರಿನ ಗಾಡಿಗೆ, ಗಾಡಿಯ ಪೈಪಿನಿಂದ ವಿಮಾನದ ತೊಟ್ಟಿಗೆ, ಅಲ್ಲಿಂದ ನಲ್ಲಿಗೆ ಬರುತ್ತದೆ. ಮೂಲ ಎಷ್ಟೇ ಚೆನ್ನಾಗಿರಲಿ, ನಡುವೆ ಪೈಪಿನ ಬಾಯಿ ನೆಲಕ್ಕೆ ತಾಗಿದರೆ ಮುಗೀತು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಒಂದು ಮಾತನ್ನು ಒತ್ತಿ ಹೇಳುತ್ತದೆ: ಕುಡಿಯುವ ನೀರು ತುಂಬುವವರೂ ಶೌಚದ ತೊಟ್ಟಿ ಬರಿದು ಮಾಡುವವರೂ ಬೇರೆ ಇರಬೇಕು, ಗಾಡಿಗಳೂ ಬೇರೆ ಇರಬೇಕು.

ಚಹಾಕ್ಕೆ ಕುದಿಸ್ತಾರಲ್ಲ, ಏನಾಗುತ್ತೆ ಅಂತ ಕೇಳಬಹುದು. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು ಇರುತ್ತದೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ, ಅನ್ನೂರಿನಿಂದ ನೋಡಿದರೆ ಕಾಣುವ ನೀಲಗಿರಿಯನ್ನು ತೋರಿಸಿದರಾಯಿತು. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ, ದೊಡ್ಡಬೆಟ್ಟ 2,637 ಮೀಟರ್. ಆ ಗರಿಷ್ಠ ಮಿತಿಯಲ್ಲಿ ವಿಮಾನದಲ್ಲಿ ಕೂತವರು ಒತ್ತಡದ ಲೆಕ್ಕದಲ್ಲಿ ಇವೆರಡರ ನಡುವೆ ಎಲ್ಲೋ ಕೂತಿದ್ದಾರೆ. ಅಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಬೇಳೆ ಬೇಯಲು ತಡ ಅನ್ನುವುದು ಬೆಟ್ಟದ ಮನೆಗಳಿಗೆ ಗೊತ್ತಿರುವ ಸಂಗತಿ. ಬಹುಪಾಲು ಕ್ರಿಮಿ ಸಾಯಲು ಆ ಬಿಸಿ ಸಾಕು, ನಿಜ. ಆದರೆ ವಿಮಾನದ ಚಹಾ ಯಂತ್ರ ನೀರನ್ನು ನಿಮಿಷಗಟ್ಟಲೆ ಕುದಿಸಲು ಇರುವುದಲ್ಲ, ಬಿಸಿ ಮಾಡಿ ಸುರಿಯಲು ಇರುವುದು. ಶುದ್ಧಿ ನೆಲದಲ್ಲೇ ಆಗಿರಬೇಕು.

2004ರಲ್ಲಿ ಅಮೆರಿಕದ ಪರಿಸರ ಸಂಸ್ಥೆ 158 ವಿಮಾನಗಳ ನೀರನ್ನು ಪರೀಕ್ಷಿಸಿತು. ಸುಮಾರು ಎಂಟರಲ್ಲಿ ಒಂದು ವಿಮಾನದ ನೀರಿನಲ್ಲಿ ಕೋಲಿಫಾರ್ಮ್ ಸಿಕ್ಕಿತು. ಅದು ಕಾಯಿಲೆಯ ಪುರಾವೆ ಅಲ್ಲ, ನೀರಿನ ಹಾದಿಯಲ್ಲಿ ಎಲ್ಲೋ ಬಿರುಕಿದೆ ಅನ್ನುವುದರ ಗುರುತು. 2009ರಲ್ಲಿ ಅಲ್ಲಿ ವಿಮಾನದ ಕುಡಿಯುವ ನೀರಿಗೆ ಅಂತಲೇ ನಿಯಮ ಬಂತು. ಲೆಕ್ಕ ಹಾಕಿ: ಸೊಳ್ಳೆಗೆ ನಿಯಮ 1933ರಲ್ಲಿ, ಲೋಟಕ್ಕೆ 2009ರಲ್ಲಿ. ನಡುವೆ 76 ವರ್ಷ.

5. ಗಾಳಿ: ನಿಂತ ವಿಮಾನ

ಗಾಳಿಯ ವಿಷಯದಲ್ಲಿ ಜನರ ಭಯ ಒಂದು ಕಡೆ, ಅಪಾಯ ಇನ್ನೊಂದು ಕಡೆ. ಹಾರುತ್ತಿರುವ ವಿಮಾನದ ಗಾಳಿ ಬಹಳ ಕೊಳಕು ಅಂತ ನಾವು ಅಂದ್ಕೊಂಡಿದ್ದೀವಿ. ಇವತ್ತಿನ ಜೆಟ್ ವಿಮಾನದಲ್ಲಿ ಸುಮಾರು ಅರ್ಧ ಗಾಳಿ ಹೊರಗಿನಿಂದ ಇಂಜಿನ್ ಮೂಲಕ ಬರುತ್ತದೆ, ಉಳಿದರ್ಧ ಒಳಗಿನದೇ, ಹೆಪಾ ಜರಡಿಯಲ್ಲಿ ಸೋಸಿ ಬಿಟ್ಟದ್ದು. ಗಂಟೆಗೆ 20ರಿಂದ 30 ಸಲ ಗಾಳಿ ಬದಲಾಗುತ್ತದೆ, ಚಾವಣಿಯಿಂದ ಕೆಳಕ್ಕೆ ಹರಿಯುತ್ತದೆ. ನಮ್ಮ ತರಗತಿ ಕೋಣೆಗಳಿಗೆ ಈ ಭಾಗ್ಯ ಇಲ್ಲ.

ಆದರೆ ಇದೆಲ್ಲ ಯಂತ್ರ ಓಡುತ್ತಿದ್ದಾಗ. 1977ರಲ್ಲಿ ಅಲಾಸ್ಕಾದಲ್ಲಿ 54 ಜನರಿದ್ದ ವಿಮಾನವೊಂದು ಇಂಜಿನ್ ಕೆಟ್ಟು ಸುಮಾರು ಮೂರು ಗಂಟೆ ನೆಲದಲ್ಲೇ ನಿಂತಿತು. ಗಾಳಿಯ ವ್ಯವಸ್ಥೆ ಕೆಲಸ ಮಾಡುತ್ತಿರಲಿಲ್ಲ. ಒಬ್ಬರಿಗೆ ಇನ್‌ಫ್ಲುಯೆಂಜಾ ಇತ್ತು. ಮೂರು ದಿನದೊಳಗೆ 100ಕ್ಕೆ 72 ಜನ ಕಾಯಿಲೆ ಬಿದ್ದರು. ಅಂದ್ರೆ ಗಾಳಿ ಕೆಟ್ಟದ್ದು ಆಕಾಶದಲ್ಲಿ ಅಲ್ಲ, ಮತ್ತೆ ನೆಲದಲ್ಲೇ. ಹಾಗಂತ ಹಾರುವಾಗ ಅಪಾಯವೇ ಇಲ್ಲ ಅನ್ನುವಂತಿಲ್ಲ. 2003ರ ಮಾರ್ಚ್ 15ರಂದು ಹಾಂಗ್‌ಕಾಂಗ್‌ನಿಂದ ಬೀಜಿಂಗ್‌ಗೆ ಹೋದ ವಿಮಾನದಲ್ಲಿ 120 ಜನರ ಪೈಕಿ 22 ಮಂದಿಗೆ ಸಾರ್ಸ್ ಬಂತು. ಪಕ್ಕದ ಸೀಟಿನವರ ಕೆಮ್ಮು ಜರಡಿಗೆ ಹೋಗುವ ಮೊದಲು ನಮ್ಮ ಮೂಗಿಗೆ ಬರಬಹುದು.

6. ಹೆದರಿದವರೇ ಹೆದರಿಸುವವರಾದಾಗ

ಈಗ ನಮ್ಮ ಕಡೆಗೆ ತಿರುಗೋಣ. 1994ರ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಪ್ಲೇಗ್ ಸುದ್ದಿಯಾಯಿತು. ಕೊಲ್ಲಿಯ ದೇಶಗಳು ಭಾರತದ ವಿಮಾನಗಳನ್ನು ನಿಲ್ಲಿಸಿದವು, ಉಳಿದ ಕಡೆ ಇಳಿದವರನ್ನು ತಡೆದು ತಪಾಸಣೆ ಮಾಡಿದರು. 60 ವರ್ಷ ಬೇರೆಯವರ ವಿಮಾನಕ್ಕೆ ಮದ್ದು ಹೊಡೆದ ದೇಶಕ್ಕೆ ತಾನೇ ಮದ್ದು ಹೊಡೆಸಿಕೊಳ್ಳುವುದು ಹೇಗಿರುತ್ತದೆ ಅಂತ ಗೊತ್ತಾಯಿತು. ಕೊಲ್ಲಿಯ ದುಡಿಮೆ ನಂಬಿದ್ದ ಕುಟುಂಬಗಳಿಗೆ ಅದು ಬರೀ ಅವಮಾನವಲ್ಲ, ಕೆಲಸದ ಪ್ರಶ್ನೆ.

2020ರಲ್ಲಿ ಎಲ್ಲರೂ ಎಲ್ಲರಿಗೂ ಹೆದರಿದರು. ಮಾರ್ಚ್‌ನಲ್ಲಿ ವಿಮಾನಗಳು ನಿಂತವು. ಮೇ 25ರಂದು ದೇಶದೊಳಗಿನ ಹಾರಾಟ ಮತ್ತೆ ಶುರುವಾದಾಗ ಊಟ ಇಲ್ಲ, ನೀರಿನ ಬಾಟಲಿ ಮಾತ್ರ. ಗಾಳಿ, ನೀರು, ಅನ್ನ ಮೂರನ್ನೂ ಒಟ್ಟಿಗೆ ಯೋಚಿಸಿದ್ದು ಬಹುಶಃ ಆಗಲೇ.

ಕೊನೆಯ ಮಾತು. ಈ ಚರಿತ್ರೆಯಲ್ಲಿ ಸೊಳ್ಳೆಗೆ ದಾಖಲೆ ಇದೆ, ಪ್ರಯಾಣಿಕನಿಗೆ ಪ್ರಮಾಣಪತ್ರ ಇದೆ. ಅಡುಗೆಯವನು ಕಾಣಿಸಿಕೊಳ್ಳುವುದು ಗಾಯವಾದಾಗ, ಅದೂ ತಪ್ಪಿತಸ್ಥನಾಗಿ. ಗಾಯ ಇರುವವರು ಆಹಾರಕ್ಕೆ ಕೈ ಹಾಕಬಾರದು ಅನ್ನುತ್ತದೆ ನಿಯಮ. ಸರಿ. ಆದರೆ ಆ ದಿನದ ಕೂಲಿ ಯಾರು ಕೊಡ್ತಾರೆ? ಕೂಲಿ ಹೋಗುತ್ತದೆ ಅಂದರೆ ಗಾಯವನ್ನು ಯಾರು ತೋರಿಸ್ತಾರೆ? 197 ಜನರ ಕಾಯಿಲೆಯನ್ನು ತಡೆಯಬಹುದಾಗಿದ್ದದ್ದು ಸಂಬಳ ಕಡಿತವಿಲ್ಲದ ಎರಡು ದಿನದ ರಜೆ. ಶುಚಿತ್ವ ಅನ್ನುವುದು ಸೋಪು, ಕ್ಲೋರಿನ್‌ಗಳ ವಿಷಯ ಹೇಗೋ, ಹಾಗೆಯೇ "ನನಗೆ ಇವತ್ತು ಹುಷಾರಿಲ್ಲ" ಅಂತ ಭಯವಿಲ್ಲದೆ ಹೇಳುವ ಅವಕಾಶದ ವಿಷಯವೂ ಹೌದು. ಇಷ್ಟು ಹೇಳಿ ಮುಗಿಸ್ತೀನಿ.

ಪ್ರಶ್ನೋತ್ತರ

ಪ್ರಶ್ನೆ: "ಯಾವೂರ ನೀರು" ಅನ್ನುವ ಪ್ರಶ್ನೆಯಲ್ಲಿ ಮಡಿ-ಮೈಲಿಗೆಯ ವಾಸನೆ ಇಲ್ಲವೇ? ನಮ್ಮಲ್ಲಿ "ಯಾರು ತುಂಬಿದ ನೀರು" ಅಂತ ಕೇಳಿದ ಚರಿತ್ರೆ ಬಹಳ ಕೆಟ್ಟದ್ದು.

ಉತ್ತರ: ಒಳ್ಳೆಯ ಪ್ರಶ್ನೆ, ನಾನೂ ಅಳುಕಿದ್ದೆ. ಎರಡರ ನಡುವೆ ಗೆರೆ ಎಳೆಯಲೇಬೇಕು. ಮಡಿ ಕೇಳುವುದು ತುಂಬಿದವರ ಹುಟ್ಟನ್ನು. ನೈರ್ಮಲ್ಯ ಕೇಳಬೇಕಾದದ್ದು ತುಂಬಿದ ಸ್ಥಿತಿಯನ್ನು: ಪೈಪ್ ತೊಳೆದಿತ್ತಾ, ಗಾಡಿ ಬೇರೆ ಇತ್ತಾ, ಕೈ ತೊಳೆಯಲು ಅವರಿಗೆ ನೀರು ಇತ್ತಾ? ಕೊನೆಯದನ್ನು ನಾವು ಕೇಳೋದೇ ಇಲ್ಲ. ವಿಮಾನದ ಶೌಚ ಬರಿದು ಮಾಡುವವರನ್ನು ಬೇರೆ ಇಡಿ ಅನ್ನುವ ನಿಯಮ ಕೂಡ ನಮ್ಮ ನೆಲದಲ್ಲಿ ಹಳೆಯ ದೂರವಿಡುವಿಕೆಯಾಗಿ ಬದಲಾಗದಂತೆ ನೋಡಿಕೊಳ್ಳಬೇಕು. ಬೇರೆ ಇರಬೇಕಾದದ್ದು ಕೆಲಸ, ಮನುಷ್ಯರಲ್ಲ.

ಪ್ರಶ್ನೆ: ಹಾಗಾದರೆ ವಿಮಾನದಲ್ಲಿ ಏನು ಕುಡಿಯಬೇಕು?

ಉತ್ತರ: ಮುಚ್ಚಳ ಮುರಿಯದ ಬಾಟಲಿ ನೀರು ಕುಡಿಯಿರಿ. ಶೌಚಾಲಯದ ನಲ್ಲಿ ನೀರು ಕೈ ತೊಳೆಯಲು, ಕುಡಿಯಲು ಅಲ್ಲ. ವಿಮಾನ ನಿಂತು ಗಾಳಿ ಬಂದ್ ಆದರೆ ಸಂಕೋಚ ಬಿಟ್ಟು ಕೇಳಿ. ಖಾಲಿ ಬಾಟಲಿ ಒಯ್ಯಲು ಅಡ್ಡಿಯಿಲ್ಲ, ತಪಾಸಣೆ ದಾಟಿದ ಮೇಲೆ ಒಳಗೆ ತುಂಬಿಕೊಳ್ಳಬಹುದು. ದೊಡ್ಡಮ್ಮ ವಾಪಸ್ ಬರುವಾಗ ಹಾಗೇ ಮಾಡಿದರು. ತುಂಬುವ ಮೊದಲು ಅಲ್ಲಿದ್ದ ಕೆಲಸದವನನ್ನು ಕರೆದು, ಇದು ಯಾವೂರ ನೀರು ಅಂತ ಕೇಳಿದರಂತೆ. ಅವನು ಮಲಯಾಳಿ ಹುಡುಗ, ನಗುತ್ತಾ, "ಸಮುದ್ರದ್ದು ಅಮ್ಮಾ, ಉಪ್ಪು ತೆಗೆದಿದ್ದಾರೆ" ಅಂದನಂತೆ. ಅವರಿಗೆ ಉತ್ತರ ಸಿಕ್ಕಿತು, ಕುಡಿದರು.